ಸಿಸ್ಟಮ್ ಫೈಲ್ ಕಳೆದುಕೊಂಡು ನಿಂತುಹೋದ ಹಳೆಯ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಹಳೆಯ ಕಂಪ್ಯೂಟರುಗಳ ರಿಪೇರಿ ಮಾಡಿಕೊಂಡಿರುವ ನನ್ನ ಮೇಜಿನ ಮೇಲೆ ಮುಂಗಾರು ಹಿಡಿಯುತ್ತಿದ್ದಂತೆ ಒಂದೇ ಬಗೆಯ ದೂರು ಹೆಚ್ಚಾಗುತ್ತದೆ. ಮೂಡಿಗೆರೆ, ಆಲ್ದೂರು ಕಡೆಯ ತೋಟದ ಆಫೀಸಿನಲ್ಲಿ ಚೆಕ್ ರೋಲ್ (ಕೂಲಿಯವರ ಹಾಜರಿ, ಸಂಬಳದ ಪಟ್ಟಿ) ಇಡುವ ಯಂತ್ರ, ಹಾಲಿನ ಸಂಘದ ಲೆಕ್ಕದ ಯಂತ್ರ, ವೇಬ್ರಿಡ್ಜ್‌ಗೆ ತಂತಿ ಎಳೆದಿರುವ ಯಂತ್ರ, ಇವುಗಳಲ್ಲಿ ಅನೇಕವು ಇಂದಿಗೂ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7ರಲ್ಲಿಯೇ ನಡೆಯುತ್ತಿವೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬೇಕಾದ ಅಗಲವಾದ ಪ್ಯಾರಲಲ್ ಪೋರ್ಟಾಗಲಿ, ತೂಕದ ಯಂತ್ರಕ್ಕೆ ಬೇಕಾದ ಸೀರಿಯಲ್ ಪೋರ್ಟಾಗಲಿ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅವುಗಳನ್ನು ಬಿಡುವಂತೆಯೂ ಇಲ್ಲ. ರಾತ್ರಿ ಗುಡುಗಿ ಕರೆಂಟು ನಾಲ್ಕು ಸಲ ಹೋಗಿ ಬಂದಿರುತ್ತದೆ. ಬೆಳಗ್ಗೆ ಕಪ್ಪು ಪರದೆಯ ಮೇಲೆ ಒಂದೇ ಒಂದು ಇಂಗ್ಲಿಷ್ ಸಾಲು ಕಾಣಿಸುತ್ತದೆ.

ಓದುವ ಮುನ್ನ ಒಂದು ಮಾತು. ಇಲ್ಲಿ ಫೈಲುಗಳ ಹೆಸರನ್ನೂ ಆಜ್ಞೆಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ; ಕೀಬೋರ್ಡಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು.

ಪ್ರಶ್ನೆ: ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ತೋರಿಸಿ ಯಂತ್ರ ನಿಂತುಬಿಡುತ್ತದೆ. ಹಾಗೆಂದರೆ ಏನು?

ಎಕ್ಸ್‌ಪಿ ಇರುವ ಯಂತ್ರದ ಸ್ವಿಚ್ ಹಾಕಿದಾಗ ಮೊದಲು ಏಳುವುದು ಮದರ್‌ಬೋರ್ಡಿನಲ್ಲಿರುವ ಬಯಾಸ್ ಎಂಬ ಆರಂಭಿಕ ಪ್ರೋಗ್ರಾಮು. ಅದು ಮೆಮೊರಿಯನ್ನು ಪರೀಕ್ಷಿಸಿ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಕೆಲಸ ಒಪ್ಪಿಸುತ್ತದೆ. ಆ ಪ್ರೋಗ್ರಾಮು ಯಾವ ಪಾರ್ಟಿಷನ್ನಿನಿಂದ (ಡಿಸ್ಕಿನ ವಿಭಾಗದಿಂದ) ಶುರು ಮಾಡಬೇಕೆಂಬುದನ್ನು ಕಂಡುಕೊಂಡು ಅದರ ಮೊದಲ ತುಣುಕಾದ ಬೂಟ್ ಸೆಕ್ಟರಿಗೆ ದಾಟಿಸುತ್ತದೆ. ಬೂಟ್ ಸೆಕ್ಟರ್ ಸಿ ಡ್ರೈವಿನ ಬುಡದಲ್ಲಿ, ಅಂದರೆ ಯಾವ ಫೋಲ್ಡರಿನ ಒಳಗೂ ಅಲ್ಲದೆ ಹೊರಗಡೆಯೇ, ಎನ್‌ಟಿಎಲ್‌ಡಿಆರ್ ಎಂಬ ಫೈಲನ್ನು ಹುಡುಕುತ್ತದೆ. ಆ ಫೈಲು ಬೂಟ್ ಡಾಟ್ ಐಎನ್‌ಐಯನ್ನು ಓದಿ, ಎನ್‌ಟಿಡಿಟೆಕ್ಟ್ ಡಾಟ್ ಕಾಮ್‌ನಿಂದ ಯಂತ್ರದ ಭಾಗಗಳನ್ನು ಗುರುತು ಹಿಡಿಸಿಕೊಂಡು, ಆಮೇಲೆ ವಿಂಡೋಸಿನ ತಿರುಳನ್ನು ಮೆಮೊರಿಗೆ ತರುತ್ತದೆ. ಈ ಸಾಲಿನಲ್ಲಿ ಪ್ರತಿಯೊಬ್ಬನಿಗೂ ತನ್ನ ಮುಂದಿನವನ ಹೆಸರು ಮಾತ್ರ ಗೊತ್ತು. ಆದ್ದರಿಂದ ಪರದೆಯ ಮೇಲಿನ ಸಾಲಿನ ಅರ್ಥ ‘ನಾನು ಹುಡುಕಿದ ಜಾಗದಲ್ಲಿ ಮುಂದಿನವನು ಸಿಗಲಿಲ್ಲ’ ಎಂಬಷ್ಟೇ ಹೊರತು, ಫೈಲು ಅಳಿಸಿಹೋಗಿದೆ ಎಂದೇನೂ ಅಲ್ಲ.

ಪ್ರಶ್ನೆ: ಹಾಗಾದರೆ ಫೈಲು ಅಳಿಯದೆಯೂ ಈ ಸಂದೇಶ ಬರುವುದುಂಟೇ?

ಉಂಟು, ಅದೂ ಧಾರಾಳವಾಗಿ. ಒಮ್ಮೆ ತೋಟವೊಂದರ ರೈಟರ್ (ಗುಮಾಸ್ತ) ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಮಳೆಯಲ್ಲಿ ಎರಡು ಬಸ್ಸು ಬದಲಿಸಿ ನನ್ನಲ್ಲಿಗೆ ತಂದರು. ಹಿಂಬದಿಯ ಯುಎಸ್‌ಬಿ ಕಿಂಡಿಯಲ್ಲಿ ಒಂದು ಪೆನ್ ಡ್ರೈವ್ ಚುಚ್ಚಿಕೊಂಡೇ ಇತ್ತು. ಬಯಾಸ್ ಅದನ್ನೇ ಡಿಸ್ಕೆಂದು ಭಾವಿಸಿ ಅದರಲ್ಲಿ ಫೈಲನ್ನು ಹುಡುಕುತ್ತಿತ್ತು. ಕಿತ್ತು ಸ್ವಿಚ್ ಹಾಕಿದೊಡನೆ ವಿಂಡೋಸ್ ಬಂತು. ನಾನು ಹಣ ತೆಗೆದುಕೊಳ್ಳಲಿಲ್ಲ. ಆದರೆ ಅವರ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಹೋಗಿಯೇ ಹೋಯಿತು. ಈ ಪುಟವನ್ನು ಬರೆಯಬೇಕೆನಿಸಿದ್ದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ಮದರ್‌ಬೋರ್ಡಿನಲ್ಲಿರುವ ರೂಪಾಯಿ ನಾಣ್ಯದಂತಹ ಬ್ಯಾಟರಿ. ಸಿಆರ್ 2032 ಎಂಬ ಈ 3 ವೋಲ್ಟಿನ ಬ್ಯಾಟರಿ ಸತ್ತರೆ, ಗೋಡೆಯ ಸ್ವಿಚ್ ಆರಿಸಿದಾಗಲೆಲ್ಲ ಬಯಾಸ್ ತಾರೀಖನ್ನೂ ಯಾವ ಡಿಸ್ಕಿನಿಂದ ಶುರು ಮಾಡಬೇಕೆಂಬ ಕ್ರಮವನ್ನೂ ಮರೆಯುತ್ತದೆ. ಎರಡು ಡಿಸ್ಕುಗಳಿರುವ ಯಂತ್ರ ಆಗ ತಪ್ಪಾದ ಡಿಸ್ಕನ್ನು ಹಿಡಿದುಕೊಳ್ಳಬಹುದು. ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮೊದಲು ಬ್ಯಾಟರಿಯನ್ನು ಬದಲಿಸಿ. ಡಿಸ್ಕಿನ ಕೇಬಲ್ ಸಡಿಲವಾಗಿರುವುದು, ಇಲ್ಲಿನ ಥಂಡಿಗೆ ಕನೆಕ್ಟರಿನ ಪಿನ್ನುಗಳು ಮಂಕಾಗಿರುವುದು ಕೂಡ ಸಾಮಾನ್ಯ. ಕೇಬಲನ್ನು ಎರಡೂ ತುದಿಗಳಲ್ಲಿ ಕಿತ್ತು ಮತ್ತೆ ಒತ್ತಿ ಕೂರಿಸುವುದರಿಂದ ನಷ್ಟವಿಲ್ಲ, ಆದರೆ ಗೋಡೆಯ ಪ್ಲಗ್ಗನ್ನು ಮೊದಲು ಕಿತ್ತಿರಬೇಕು.

ಇದೇ ಸಾಲು ‘ಈಸ್ ಕಂಪ್ರೆಸ್ಡ್’ ಎಂದು ಮುಗಿದಿದ್ದರೆ ಕತೆ ಬೇರೆ. ಡಿಸ್ಕ್ ತುಂಬಿತೆಂದು ಯಾರೋ ಸಿ ಡ್ರೈವಿನ ಪ್ರಾಪರ್ಟೀಸಿಗೆ ಹೋಗಿ, ಜಾಗ ಉಳಿಸಲು ಡ್ರೈವನ್ನು ಸಂಕುಚಿತಗೊಳಿಸುವ ಚೌಕಕ್ಕೆ ಗುರುತು ಹಾಕಿದ್ದಾರೆ. ಫೈಲು ಇದ್ದಲ್ಲಿಯೇ ಇದೆ. ಅದನ್ನು ಬಿಚ್ಚಿ ಓದುವಷ್ಟು ಜಾಣತನ ಬೂಟ್ ಸೆಕ್ಟರಿಗೆ ಇಲ್ಲ.

ಪ್ರಶ್ನೆ: ಪೆನ್ ಡ್ರೈವ್, ಬ್ಯಾಟರಿ, ಕೇಬಲ್ ಎಲ್ಲವನ್ನೂ ನೋಡಿಯಾಯಿತು. ಈಗ ಫೈಲನ್ನು ಹಿಂದಕ್ಕೆ ಹಾಕಬಹುದೇ?

ಇನ್ನೂ ಬೇಡ. ಮೊದಲು ಬಯಾಸ್‌ ಒಳಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಅದು ಫೈಲಿನ ಕಾಯಿಲೆಯೇ ಅಲ್ಲ. ಕಾಣುತ್ತಿದ್ದರೆ ಪರದೆಯ ಮೇಲಿನ ಸಂದೇಶವನ್ನು ಅಕ್ಷರ ಬಿಡದೆ ಫೋಟೋ ತೆಗೆದಿಟ್ಟುಕೊಳ್ಳಿ. ‘ಏನೋ ಮಿಸ್ಸಿಂಗ್ ಅಂತ ಬರುತ್ತೆ’ ಎಂಬ ವಿವರಣೆಯಿಂದ ಯಾರೂ ಸರಿಯಾದ ಮದ್ದು ಕೊಡಲಾರರು. ಅದಾದ ಮೇಲೆ ಡಿಸ್ಕಿನಲ್ಲಿರುವ ನಿಮ್ಮ ಕಡತಗಳನ್ನು ಹೊರಗೆ ತೆಗೆಯಬೇಕು. ಕಳೆದುಹೋದ ಸಿಸ್ಟಮ್ ಫೈಲು ಲಕ್ಷಾಂತರ ಸಿಡಿಗಳಲ್ಲಿ ಇದೆ. ನಿಮ್ಮ ಹತ್ತು ವರ್ಷದ ಚೆಕ್ ರೋಲ್ ಇರುವುದು ಈ ಒಂದು ಡಿಸ್ಕಿನಲ್ಲಿ ಮಾತ್ರ. ಕರೆಂಟ್ ಹೊಡೆತಕ್ಕೆ ಒಂದು ಫೈಲು ಹೋಗಿದ್ದರೆ ಡಿಸ್ಕಿನ ಮೈಯಲ್ಲಿಯೇ ಪೆಟ್ಟಾಗಿರುವ ಸಾಧ್ಯತೆಯೂ ಇದೆ, ಅಂತಹ ಡಿಸ್ಕಿನ ಮೇಲೆ ಬರೆಯುವ ಪ್ರತಿಯೊಂದು ರಿಪೇರಿಯೂ ಜೂಜೇ ಸರಿ.

ಪ್ರಶ್ನೆ: ವಿಂಡೋಸೇ ಬಾರದಿದ್ದರೆ ಕಡತಗಳನ್ನು ತೆಗೆಯುವುದು ಹೇಗೆ?

ಎರಡು ದಾರಿಗಳಿವೆ. ನನಗೆ ಇಷ್ಟವಾದದ್ದು ಡಿಸ್ಕನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸುವುದು. ಐಡಿಇ (ಹಳೆಯ, ಅಗಲವಾದ ಕೇಬಲ್ಲಿನ) ಮತ್ತು ಸಾಟಾ (ಈಚಿನ, ಕಿರಿದಾದ ಕೇಬಲ್ಲಿನ) ಎರಡೂ ಬಗೆಯ ಡಿಸ್ಕುಗಳನ್ನು ಯುಎಸ್‌ಬಿಗೆ ಸೇರಿಸುವ ಅಡಾಪ್ಟರ್ ಸಿಗುತ್ತದೆ; ಅದಕ್ಕೆ ತನ್ನದೇ ಆದ ಪವರ್ ಇರಬೇಕು, ಏಕೆಂದರೆ ಡೆಸ್ಕ್‌ಟಾಪಿನ ದೊಡ್ಡ ಡಿಸ್ಕನ್ನು ತಿರುಗಿಸುವ ಶಕ್ತಿ ಯುಎಸ್‌ಬಿ ಕಿಂಡಿಯಿಂದ ಬರುವುದಿಲ್ಲ. ಅಗಲವಾದ 40 ಪಿನ್ನುಗಳ ಐಡಿಇ ಡಿಸ್ಕನ್ನು ನೇರವಾಗಿ ಇನ್ನೊಂದು ಹಳೆಯ ಯಂತ್ರದ ಕೇಬಲ್ಲಿಗೇ ಸೇರಿಸುವುದಾದರೆ ಹಿಂಬದಿಯ ಜಂಪರನ್ನು (ಪಿನ್ನುಗಳ ಮೇಲೆ ಕೂರುವ ಪುಟ್ಟ ಬಿರಡೆಯನ್ನು) ಸ್ಲೇವ್, ಅಂದರೆ ಎರಡನೆಯ ಡಿಸ್ಕ್ ಎಂಬ ಜಾಗಕ್ಕೆ ಸರಿಸಿ. ಜೋಡಿಸಿದ ಮೇಲೆ ಹೊಸ ಯಂತ್ರ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಬೇಡವೆಂದು ಹೇಳಿ ಅಲ್ಲಿಗೇ ನಿಲ್ಲಿಸಿ. ಅದು ಯಾವ ಫೈಲು ಎಲ್ಲಿದೆಯೆಂಬ ಡಿಸ್ಕಿನ ಲೆಕ್ಕದ ಪುಟಗಳಿಗೇ ಪೆಟ್ಟಾಗಿರುವ ಗುರುತು. ಫೋಲ್ಡರ್ ತೆರೆಯಲು ಅನುಮತಿ ಇಲ್ಲವೆಂದು ಹೇಳಿದರೆ ಹೆದರಬೇಕಿಲ್ಲ, ಮುಂದುವರಿಸಲು ಒಪ್ಪಿಗೆ ಕೊಡಿ.

ಎರಡನೆಯ ದಾರಿ ವಿಂಡೋಸಿನಂತೆಯೇ ಯಂತ್ರವನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್. ಪಪ್ಪಿ ಲಿನಕ್ಸಿನಂತಹ ಹಗುರವಾದ ವ್ಯವಸ್ಥೆಯನ್ನು ಸಿಡಿಗೆ ಅಥವಾ ಪೆನ್ ಡ್ರೈವಿಗೆ ಬರೆದುಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಹಾರ್ಡ್ ಡಿಸ್ಕಿಗೆ ಏನನ್ನೂ ಹಾಕದೆ ಅದರ ಒಳಗನ್ನು ನೋಡಬಹುದು. ಹಳೆಯ ಪ್ರೊಸೆಸರುಗಳಿಗೆ 32 ಬಿಟ್ ಆವೃತ್ತಿಯೇ ಬೇಕು. ಪೆಂಟಿಯಂ 4 ಕಾಲದ ಅನೇಕ ಬೋರ್ಡುಗಳು ಪೆನ್ ಡ್ರೈವಿನಿಂದ ಏಳಲು ಒಪ್ಪುವುದಿಲ್ಲ. ಅವುಗಳಿಗೆ ಸಿಡಿಯೇ ಗತಿ.

ಪ್ರಶ್ನೆ: ಯಾವ ಯಾವ ಫೋಲ್ಡರುಗಳನ್ನು ತೆಗೆದುಕೊಳ್ಳಬೇಕು?

‘ಮೈ ಡಾಕ್ಯುಮೆಂಟ್ಸ್’ ಮತ್ತು ಡೆಸ್ಕ್‌ಟಾಪ್ ಎಲ್ಲರಿಗೂ ನೆನಪಾಗುತ್ತವೆ. ಎಕ್ಸ್‌ಪಿಯಲ್ಲಿ ಅವೆರಡೂ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಫೋಲ್ಡರಿನಲ್ಲಿ ಬಳಕೆದಾರನ ಹೆಸರಿನ ಕೆಳಗೆ ಇರುತ್ತವೆ. ಮರೆತುಹೋಗುವುದು ಉಳಿದವು. ಟ್ಯಾಲಿ ಬಳಸುವವರ ಲೆಕ್ಕ ಮೈ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ; ಟ್ಯಾಲಿಯ ಸ್ವಂತ ಫೋಲ್ಡರಿನ ಒಳಗೆ ‘ಡೇಟಾ’ ಎಂಬುದರಲ್ಲಿ, ಬರೀ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ ಇರುತ್ತದೆ. ಚೆಕ್ ರೋಲ್, ಹಾಲಿನ ಲೆಕ್ಕ, ವೇಬ್ರಿಡ್ಜ್ ಮುಂತಾದವಕ್ಕೆ ಸ್ಥಳೀಯವಾಗಿ ಬರೆಸಿದ ಪ್ರೋಗ್ರಾಮುಗಳು ತಮ್ಮ ಕಡತಗಳನ್ನು ‘ಪ್ರೋಗ್ರಾಮ್ ಫೈಲ್ಸ್’ನಲ್ಲಿಯೋ ಸಿ ಡ್ರೈವಿನ ಬುಡದಲ್ಲಿಯೋ ಇಟ್ಟಿರುತ್ತವೆ. ಆ ಪ್ರೋಗ್ರಾಮು ಬರೆದುಕೊಟ್ಟವರು ಊರು ಬಿಟ್ಟಿದ್ದರಂತೂ ಇಡೀ ಫೋಲ್ಡರನ್ನೇ ಎತ್ತಿಕೊಳ್ಳಿ.

ಕನ್ನಡದಲ್ಲಿ ಟೈಪ್ ಮಾಡಿದವರು ಇನ್ನೊಂದನ್ನು ಗಮನಿಸಬೇಕು. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಪತ್ರ, ನಡವಳಿ, ನೋಟಿಸುಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲು ಕೆಟ್ಟಿದೆಯೆಂದು ಭಾವಿಸಿ ಅಳಿಸಿದವರನ್ನು ನಾನು ಕಂಡಿದ್ದೇನೆ. ಫೈಲು ಸರಿಯಾಗಿಯೇ ಇರುತ್ತದೆ. ಆದ್ದರಿಂದ ವಿಂಡೋಸ್ ಫೋಲ್ಡರಿನ ಒಳಗಿರುವ ‘ಫಾಂಟ್ಸ್’ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ನಕಲು ಮುಗಿದ ಮೇಲೆ ಬೇರೊಂದು ಯಂತ್ರದಲ್ಲಿ ನಾಲ್ಕೈದು ಫೈಲುಗಳನ್ನು ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಒಳಗಿನದೂ ಬಂದಿದೆ ಎಂದಲ್ಲ.

ಪ್ರಶ್ನೆ: ಎಕ್ಸ್‌ಪಿ ಸಿಡಿ ನನ್ನಲ್ಲಿದೆ. ಎನ್‌ಟಿಎಲ್‌ಡಿಆರ್ ಫೈಲನ್ನು ಹಾಕುವ ಕ್ರಮ ತಿಳಿಸಿ.

ಸಿಡಿಯನ್ನು ಹಾಕಿ, ಬಯಾಸ್‌ನಲ್ಲಿ ಸಿಡಿ ಡ್ರೈವನ್ನು ಮೊದಲ ಸ್ಥಾನಕ್ಕೆ ತಂದು ಯಂತ್ರವನ್ನು ಶುರು ಮಾಡಿ. ಸ್ವಾಗತದ ನೀಲಿ ಪರದೆ ಬಂದಾಗ ಆರ್ ಕೀಲಿಯನ್ನು ಒತ್ತಿದರೆ, ಆಜ್ಞೆಗಳನ್ನು ಟೈಪ್ ಮಾಡಿ ರಿಪೇರಿ ನಡೆಸುವ ರಿಕವರಿ ಕನ್ಸೋಲ್ ತೆರೆಯುತ್ತದೆ. ಯಾವ ವಿಂಡೋಸ್ ಎಂದು ಕೇಳಿದಾಗ ಅಂಕಿ 1 ಒತ್ತಿ ಎಂಟರ್ ಕೊಡಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಎಂದೂ ಇಟ್ಟಿರದಿದ್ದರೆ ಬರೀ ಎಂಟರ್ ಸಾಕು. ಆಮೇಲೆ ‘ಮ್ಯಾಪ್’ ಎಂದು ಟೈಪ್ ಮಾಡಿ ಸಿಡಿ ಡ್ರೈವಿನ ಅಕ್ಷರ ಯಾವುದೆಂದು ಖಚಿತಪಡಿಸಿಕೊಳ್ಳಿ. ಅದು ಡಿ ಆಗಿದ್ದರೆ ಆಜ್ಞೆ ಹೀಗಿರುತ್ತದೆ: ‘ಕಾಪಿ ಡಿ:\ಐ386\ಎನ್‌ಟಿಎಲ್‌ಡಿಆರ್ ಸಿ:\’. ಅದೇ ರೀತಿ ‘ಕಾಪಿ ಡಿ:\ಐ386\ಎನ್‌ಟಿಡಿಟೆಕ್ಟ್.ಕಾಮ್ ಸಿ:\’. ಇರುವ ಫೈಲಿನ ಮೇಲೆ ಬರೆಯಲೇ ಎಂದು ಕೇಳಿದರೆ, ಫೈಲು ಕಳೆದಿರಲೇ ಇಲ್ಲವೆಂದು ತಿಳಿಯಿತು. ಒಪ್ಪಿಗೆ ಕೊಡಿ, ಆದರೆ ಕಾರಣ ಬೇರೆಲ್ಲೋ ಇದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಳಿಕ ‘ಎಕ್ಸಿಟ್’ ಕೊಟ್ಟು, ಸಿಡಿ ತೆಗೆದು ಶುರು ಮಾಡಿ ನೋಡಿ.

ಆಗಲೂ ಅದೇ ಸಂದೇಶ ಬಂದರೆ ಮತ್ತೆ ಕನ್ಸೋಲಿಗೆ ಬಂದು ‘ಫಿಕ್ಸ್‌ಬೂಟ್’ ಕೊಡಬೇಕು. ಅದು ಸಿ ಡ್ರೈವಿನ ಬೂಟ್ ಸೆಕ್ಟರನ್ನು ಹೊಸದಾಗಿ ಬರೆಯುತ್ತದೆ. ‘ಫಿಕ್ಸ್‌ಎಂಬಿಆರ್’ ಆಜ್ಞೆಯನ್ನು ಮಾತ್ರ ಕೈಗೆ ಸಿಕ್ಕಿತೆಂದು ಬಳಸಬೇಡಿ. ಡಿಸ್ಕಿನ ಮೊದಲ ಸೆಕ್ಟರ್ ಮಾಮೂಲಿನಂತಿಲ್ಲವೆಂದು ಅದು ಎಚ್ಚರಿಸಿದರೆ ಬೇಡವೆನ್ನಿ. ಬ್ರ್ಯಾಂಡೆಡ್ ಯಂತ್ರಗಳಲ್ಲಿ ಮರೆಯಾಗಿರುವ ರಿಕವರಿ ಪಾರ್ಟಿಷನ್ನಿಗೆ ಹೋಗುವ ದಾರಿ ಇದರಿಂದ ಮುಚ್ಚಿಹೋಗಬಹುದು. ಇನ್ನು ‘ಚೆಕ್‌ಡಿಸ್ಕ್’ ಆಜ್ಞೆಯನ್ನು ಬಹಳ ಮಂದಿ ಮೊದಲ ಮದ್ದಾಗಿ ಹೇಳುತ್ತಾರೆ, ನಾನು ಅದನ್ನು ಕೊನೆಗೆ ಇಡುತ್ತೇನೆ. ಅದು ಇಡೀ ಡಿಸ್ಕನ್ನು ತಡಕಾಡಿ, ಹೊಂದದ್ದನ್ನು ಕತ್ತರಿಸಿಹಾಕುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಕೆಲಸ ಕೊಡುವುದು ತರವಲ್ಲ.

ಪ್ರಶ್ನೆ: ಸಿಡಿ ಹಾಕಿದರೂ ನೀಲಿ ಪರದೆ ಬಂದು 7ಬಿ ಎಂದು ಕೊನೆಯಾಗುವ ಸಂಖ್ಯೆ ತೋರಿಸುತ್ತದೆ.

ಸಾಟಾ ಡಿಸ್ಕು ಎಎಚ್‌ಸಿಐ ಎಂಬ ವಿಧಾನದಲ್ಲಿ ಇದ್ದರೆ ಎಕ್ಸ್‌ಪಿ ಸಿಡಿಗೆ ಅದು ಕಾಣುವುದಿಲ್ಲ, ಏಕೆಂದರೆ 2001ರಲ್ಲಿ ಬಂದ ಆ ವ್ಯವಸ್ಥೆಯಲ್ಲಿ ಅದಕ್ಕೆ ಬೇಕಾದ ಡ್ರೈವರ್ (ಯಂತ್ರದ ಭಾಗವನ್ನು ನಡೆಸುವ ತಂತ್ರಾಂಶ) ಇಲ್ಲ. ಬಯಾಸ್‌ನಲ್ಲಿ ಅದನ್ನು ಐಡಿಇ ಎಂದು ಬದಲಿಸಿ ರಿಪೇರಿ ಮುಗಿಸಿ, ಆಮೇಲೆ ಮೊದಲಿದ್ದ ಹಾಗೆಯೇ ಇಡಿ. ಹಿಂದಿರುಗಿಸಲು ಮರೆತರೆ ಇದೇ ನೀಲಿ ಪರದೆ ವಿಂಡೋಸಿನಲ್ಲಿಯೂ ಬರಬಹುದು.

ಪ್ರಶ್ನೆ: ಸಿಡಿಯೇ ಇಲ್ಲ, ಇದ್ದ ಸಿಡಿಗೆ ಬೂಷ್ಟು ಹಿಡಿದಿದೆ. ಬೇರೆ ಉಪಾಯವಿದೆಯೇ?

ಇದೆ. ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಫೈಲುಗಳು ಯಂತ್ರದಿಂದ ಯಂತ್ರಕ್ಕೆ ಬದಲಾಗುವುದಿಲ್ಲವಾದ್ದರಿಂದ, ನೆರೆಯವರ ಎಕ್ಸ್‌ಪಿ ಯಂತ್ರದ ಸಿ ಡ್ರೈವಿನಿಂದ ಅವುಗಳನ್ನು ತಂದು, ಲಿನಕ್ಸ್ ಮೂಲಕ ಅಥವಾ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ನಿಮ್ಮ ಸಿ ಡ್ರೈವಿನ ಬುಡದಲ್ಲಿ ಇಡಬಹುದು. ಅವು ಮರೆಮಾಡಿದ ಫೈಲುಗಳು. ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಯಾದ ಫೈಲುಗಳನ್ನೂ ರಕ್ಷಿತ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಮಾಡಿಕೊಳ್ಳದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಫ್ಲಾಪಿ ಡ್ರೈವ್ ಇನ್ನೂ ಕೆಲಸ ಮಾಡುತ್ತಿದ್ದರೆ, ಎಕ್ಸ್‌ಪಿಯಲ್ಲಿಯೇ ಫಾರ್ಮ್ಯಾಟ್ ಮಾಡಿದ ಫ್ಲಾಪಿಗೆ ಈ ಎರಡನ್ನೂ ಬೂಟ್ ಡಾಟ್ ಐಎನ್‌ಐಯನ್ನೂ ಹಾಕಿ ಅದರಿಂದ ಶುರು ಮಾಡಿದರೆ, ಡಿಸ್ಕಿನಲ್ಲಿರುವ ವಿಂಡೋಸ್ ಎದ್ದು ಬರುತ್ತದೆ. ಆದರೆ ಬೂಷ್ಟು ಹಿಡಿಯದ ಫ್ಲಾಪಿಯನ್ನು ಮಲೆನಾಡಿನಲ್ಲಿ ಹುಡುಕುವುದು ಅದಕ್ಕಿಂತ ದೊಡ್ಡ ಕೆಲಸ.

ಪ್ರಶ್ನೆ: ನನಗೆ ಬರುವುದು ‘ಹಾಲ್ ಡಾಟ್ ಡಿಎಲ್‌ಎಲ್’ ಇಲ್ಲವೆಂಬ ಸಂದೇಶ. ಅದನ್ನೂ ಹೀಗೆಯೇ ನಕಲು ಮಾಡಲೇ?

ಮಾಡಬೇಡಿ. ಆ ಫೈಲಿನಲ್ಲಿ ಹಲವು ಬಗೆಗಳಿವೆ. ಯಂತ್ರಕ್ಕೆ ಹೊಂದುವ ಬಗೆಯನ್ನು ವಿಂಡೋಸ್ ಹಾಕುವ ಹೊತ್ತಿನಲ್ಲಿ ಆರಿಸಿ ಅದೇ ಹೆಸರು ಕೊಟ್ಟಿರುತ್ತದೆ, ಆದ್ದರಿಂದ ಪಕ್ಕದ ಮನೆಯ ಫೈಲು ನಿಮಗೆ ಹೊಂದದಿರಬಹುದು. ಅದಕ್ಕಿಂತ ಮುಖ್ಯವಾಗಿ, ಈ ಸಂದೇಶ ಬಂದಾಗ ಬಹಳ ಸಲ ಕೆಟ್ಟಿರುವುದು ಬೂಟ್ ಡಾಟ್ ಐಎನ್‌ಐ. ವಿಂಡೋಸ್ ಯಾವ ಪಾರ್ಟಿಷನ್ನಿನಲ್ಲಿದೆ ಎಂಬ ವಿಳಾಸ ಅದರಲ್ಲಿರುತ್ತದೆ; ವಿಳಾಸ ತಪ್ಪಿದರೆ ತಪ್ಪು ಮನೆಯಲ್ಲಿ ಹಾಲ್ ಫೈಲನ್ನು ಹುಡುಕಿ ಸಿಗಲಿಲ್ಲ ಎನ್ನುತ್ತದೆ. ರಿಕವರಿ ಕನ್ಸೋಲಿನಲ್ಲಿ ‘ಬೂಟ್‌ಸಿಎಫ್‌ಜಿ /ರೀಬಿಲ್ಡ್’ ಎಂದು ಕೊಟ್ಟರೆ ವಿಂಡೋಸ್ ಇರುವ ಜಾಗವನ್ನು ಅದೇ ಹುಡುಕುತ್ತದೆ. ಪಟ್ಟಿಗೆ ಸೇರಿಸಲೇ ಎಂದಾಗ ವೈ ಒತ್ತಿ, ಹೆಸರು ಕೇಳಿದಾಗ ಏನಾದರೂ ಒಂದು ಹೆಸರು ಕೊಟ್ಟು, ಆಯ್ಕೆಗಳನ್ನು ಕೇಳಿದಾಗ ‘/ಫಾಸ್ಟ್‌ಡಿಟೆಕ್ಟ್’ ಎಂದು ಬರೆಯಿರಿ.

ಪ್ರಶ್ನೆ: ‘ಸಿಸ್ಟಮ್32\ಕಾನ್ಫಿಗ್\ಸಿಸ್ಟಮ್’ ಕೆಟ್ಟಿದೆ ಎಂದು ಬರುತ್ತದೆ. ಇದೂ ಒಂದು ಫೈಲೇ ಅಲ್ಲವೇ?

ಹೆಸರಿಗೆ ಫೈಲು, ಆದರೆ ಇದು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯ ಒಂದು ಭಾಗ. ನಿಮ್ಮ ಯಂತ್ರದ ಡ್ರೈವರುಗಳ, ಸೇವೆಗಳ ಪಟ್ಟಿ ಇದರಲ್ಲಿದೆ, ಆದ್ದರಿಂದ ಇನ್ನೊಬ್ಬರದನ್ನು ತಂದು ಹಾಕಲಾಗದು. ಕರೆಂಟ್ ಹಠಾತ್ತನೆ ಹೋದಾಗ ಅರ್ಧ ಬರೆದು ನಿಂತುಹೋಗುವ ಫೈಲುಗಳಲ್ಲಿ ಇದು ಮುಖ್ಯವಾದದ್ದು. ವಿಂಡೋಸ್ ಫೋಲ್ಡರಿನ ‘ರಿಪೇರ್’ ಎಂಬುದರಲ್ಲಿ ಇದರ ಒಂದು ಪ್ರತಿ ಇರುತ್ತದೆ, ಆದರೆ ಅದು ವಿಂಡೋಸ್ ಹಾಕಿದ ದಿನದ ಪ್ರತಿ. ಆಮೇಲೆ ಸೇರಿಸಿದ ಪ್ರಿಂಟರು, ಡ್ರೈವರು ಯಾವುದೂ ಅದಕ್ಕೆ ಗೊತ್ತಿಲ್ಲ. ಕಂಪನಿಯೇ ವಿಂಡೋಸ್ ಹಾಕಿ ಕಳಿಸಿದ ಯಂತ್ರಗಳಲ್ಲಿ ರಿಪೇರ್ ಫೋಲ್ಡರಿನ ಪ್ರತಿಗಳನ್ನು ಬಳಸಿದರೆ ಪಾಸ್‌ವರ್ಡ್ ಹೊಂದದೆ ಒಳಗೇ ಹೋಗಲಾಗದ ಸ್ಥಿತಿಯೂ ಬರಬಹುದು.

ಅದಕ್ಕಿಂತ ಒಳ್ಳೆಯ ಪ್ರತಿ ವಿಂಡೋಸ್ ಆಗಾಗ ತಾನೇ ಉಳಿಸಿಡುವ ಸಿಸ್ಟಮ್ ರಿಸ್ಟೋರ್‌ನಲ್ಲಿರುತ್ತದೆ. ಲಿನಕ್ಸಿನಿಂದ ಸಿ ಡ್ರೈವಿನ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಫೋಲ್ಡರನ್ನು ತೆರೆದರೆ ಒಳಗೆ ಆರ್‌ಪಿ ಎಂದು ಆರಂಭವಾಗುವ ಫೋಲ್ಡರುಗಳೂ ಅವುಗಳ ಒಳಗೆ ‘ಸ್ನ್ಯಾಪ್‌ಶಾಟ್’ಗಳೂ ಕಾಣುತ್ತವೆ. ಕಂಪ್ಯೂಟರ್ ಸರಿಯಾಗಿದ್ದ ದಿನದ ಒಂದನ್ನು ಆರಿಸಿ, ಅದರಲ್ಲಿರುವ ‘_ರಿಜಿಸ್ಟ್ರಿ_ಮಷೀನ್_ಸಿಸ್ಟಮ್’ ಫೈಲನ್ನು ಕಾನ್ಫಿಗ್ ಫೋಲ್ಡರಿಗೆ ತಂದು ‘ಸಿಸ್ಟಮ್’ ಎಂದು ಹೆಸರಿಡಿ. ಕೆಟ್ಟ ಫೈಲನ್ನು ಅಳಿಸದೆ ಬೇರೆ ಹೆಸರಿನಲ್ಲಿ ಉಳಿಸಿ. ಸಂದೇಶದಲ್ಲಿ ಹೆಸರಿಸಿದ ಒಂದನ್ನು ಮಾತ್ರ ಮೊದಲು ಬದಲಿಸಿ. ಕಾನ್ಫಿಗ್ ಫೋಲ್ಡರಿನಲ್ಲಿರುವ ರಿಜಿಸ್ಟ್ರಿಯ ಐದು ಫೈಲುಗಳನ್ನೂ ಒಟ್ಟಿಗೆ ಬದಲಿಸುವ ಅಗತ್ಯ ನನಗೆ ಅಪರೂಪಕ್ಕೆ ಬಂದಿದೆ.

ಪ್ರಶ್ನೆ: ನಮ್ಮದು ವಿಂಡೋಸ್ 7. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎನ್ನುತ್ತದೆ.

ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ತಾದಿಂದ ಈಚೆಗೆ ಎನ್‌ಟಿಎಲ್‌ಡಿಆರ್ ಜಾಗಕ್ಕೆ ಬೂಟ್‌ಎಂಜಿಆರ್, ಬೂಟ್ ಡಾಟ್ ಐಎನ್‌ಐ ಜಾಗಕ್ಕೆ ಬಿಸಿಡಿ ಎಂಬ ಕಡತ ಬಂದಿವೆ. ಪೆನ್ ಡ್ರೈವ್ ಮತ್ತು ಬ್ಯಾಟರಿಯ ಮಾತು ಇದಕ್ಕೂ ಅನ್ವಯಿಸುತ್ತದೆ. ವಿಂಡೋಸ್ 7ರ ಡಿವಿಡಿ ಇಲ್ಲದಿದ್ದರೆ, ಅದೇ 32 ಅಥವಾ 64 ಬಿಟ್ಟಿನ ಇನ್ನೊಂದು ವಿಂಡೋಸ್ 7 ಯಂತ್ರದಲ್ಲಿ ಸಿಸ್ಟಮ್ ರಿಪೇರ್ ಡಿಸ್ಕನ್ನು ತಯಾರಿಸಿಕೊಳ್ಳಬಹುದು. ಅದರಿಂದ ಶುರು ಮಾಡಿ ‘ಸ್ಟಾರ್ಟಪ್ ರಿಪೇರ್’ ನಡೆಸಿ. ಒಂದು ಸಲಕ್ಕೆ ಆಗದಿದ್ದರೆ ಮೂರು ಸಲದವರೆಗೂ ನಡೆಸಿ, ಪ್ರತಿ ಸಲವೂ ಅದು ಬೇರೊಂದು ಹಂತವನ್ನು ಸರಿಪಡಿಸಬಹುದು. ಆಗಲೂ ಬಾರದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ಬೂಟ್‌ರೆಕ್ /ಫಿಕ್ಸ್‌ಬೂಟ್’ ಮತ್ತು ‘ಬೂಟ್‌ರೆಕ್ /ರೀಬಿಲ್ಡ್‌ಬಿಸಿಡಿ’ ಕೊಡಿ.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ವಿಂಡೋಸ್ 7 ಸಾಮಾನ್ಯವಾಗಿ ಈ ಫೈಲುಗಳನ್ನು 100 ಎಂಬಿಯ ಬೇರೊಂದು ಪುಟ್ಟ ಪಾರ್ಟಿಷನ್ನಿನಲ್ಲಿ ಇಡುತ್ತದೆ. ರಿಪೇರ್ ಡಿಸ್ಕಿನಿಂದ ನೋಡಿದಾಗ ಅದೇ ಸಿ ಎಂದೂ, ನಿಮ್ಮ ನಿಜವಾದ ಸಿ ಡ್ರೈವು ಡಿ ಎಂದೂ ಕಾಣಬಹುದು. ಆಜ್ಞೆ ಕೊಡುವ ಮೊದಲು ‘ಡಿಐಆರ್ ಸಿ:’, ‘ಡಿಐಆರ್ ಡಿ:’ ಎಂದು ಕೊಟ್ಟು ವಿಂಡೋಸ್ ಫೋಲ್ಡರ್ ಎಲ್ಲಿದೆಯೆಂದು ನೋಡಿಕೊಳ್ಳಿ.

ಪ್ರಶ್ನೆ: ವಿಂಡೋಸ್ 98 ಇನ್ನೂ ಇದೆ ಎಂದರೆ ನಗುತ್ತೀರಾ?

ಇಲ್ಲ. ವಿಂಡೋಸ್ 98ರ ಬೂಟ್ ಫ್ಲಾಪಿಯಿಂದ ಶುರು ಮಾಡಿ ‘ಸಿಸ್ ಸಿ:’ ಎಂದು ಕೊಟ್ಟರೆ ಅದಕ್ಕೆ ಬೇಕಾದ ಬೂಟ್ ಫೈಲುಗಳು ಹಿಂದಕ್ಕೆ ಬರುತ್ತವೆ. ರಿಜಿಸ್ಟ್ರಿ ಕೆಟ್ಟಿದ್ದರೆ ‘ಸ್ಕ್ಯಾನ್‌ರೆಗ್ /ರಿಸ್ಟೋರ್’ ಕೊಡಿ, ಹಿಂದಿನ ದಿನಗಳ ಐದು ಪ್ರತಿಗಳನ್ನು ಅದು ತಾನಾಗಿಯೇ ಇಟ್ಟುಕೊಂಡಿರುತ್ತದೆ. ಈ ವಿಷಯದಲ್ಲಿ ಹಳೆಯದೇ ವಾಸಿಯಾಗಿತ್ತು.

ಪ್ರಶ್ನೆ: ಅಂಗಡಿಯವರು ‘ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಬಿಡೋಣ’ ಎನ್ನುತ್ತಾರೆ. ಒಪ್ಪಬಹುದೇ?

ಅವರ ದೃಷ್ಟಿಯಿಂದ ಅದು ಬೇಗ ಮುಗಿಯುವ ಕೆಲಸ, ತಪ್ಪೆಂದು ಹೇಳಲಾರೆ. ಆದರೆ ನಿಮ್ಮ ಕಡತಗಳ ನಕಲು ನಿಮ್ಮ ಕೈಗೆ ಬರುವತನಕ ಒಪ್ಪಬೇಡಿ. ಮೇಲಿನ ಯಾವ ಉಪಾಯವೂ ಫಲಿಸದಿದ್ದಾಗ ಎಕ್ಸ್‌ಪಿಗೆ ಇನ್ನೊಂದು ದಾರಿಯಿದೆ: ಸಿಡಿಯ ಮೊದಲ ಪರದೆಯಲ್ಲಿ ಆರ್ ಒತ್ತದೆ ಎಂಟರ್ ಒತ್ತಿ, ಎಫ್8ರಿಂದ ಷರತ್ತುಗಳನ್ನು ಒಪ್ಪಿ, ಇರುವ ವಿಂಡೋಸನ್ನು ತೋರಿಸಿದಾಗ ಆರ್ ಒತ್ತಿದರೆ ಪ್ರೋಗ್ರಾಮುಗಳನ್ನೂ ಕಡತಗಳನ್ನೂ ಉಳಿಸಿ ಸಿಸ್ಟಮ್ ಫೈಲುಗಳನ್ನು ಮಾತ್ರ ಹೊಸದಾಗಿ ಹಾಕುತ್ತದೆ. ಇದಕ್ಕೆ ಕ್ಯಾಬಿನೆಟ್ಟಿನ ಚೀಟಿಯಲ್ಲಿರುವ 25 ಅಕ್ಷರಗಳ ಕೀ ಬೇಕಾಗುತ್ತದೆ. ಚೀಟಿ ಅಳಿಸಿಹೋಗುವ ಮುನ್ನ ಇಂದೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಿಸ್ಕಿನಿಂದ ಟಿಕ್ ಟಿಕ್ ಶಬ್ದ ಬರುತ್ತಿದೆ.

ಕೂಡಲೇ ಸ್ವಿಚ್ ಆರಿಸಿ. ಈ ಪುಟದಲ್ಲಿ ಹೇಳಿದ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಕಡತಗಳು ಅಷ್ಟು ಮುಖ್ಯವಾಗಿದ್ದರೆ ಡೇಟಾ ರಿಕವರಿಯನ್ನೇ ಕಸುಬಾಗಿ ಮಾಡುವವರಿಗೆ ಕೊಡಿ. ಅಲ್ಲಿಗೆ ಹೋಗುವ ಮುನ್ನ ನೀವು ಎಷ್ಟು ಕಡಿಮೆ ಸಲ ಸ್ವಿಚ್ ಹಾಕಿರುತ್ತೀರೋ ಅಷ್ಟು ಒಳ್ಳೆಯದು.

ಪ್ರಶ್ನೆ: ಯಂತ್ರ ಎದ್ದಿತು. ಇನ್ನು ನಿಶ್ಚಿಂತೆಯಿಂದ ಇರಬಹುದೇ?

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಭದ್ರತಾ ಬೆಂಬಲ 2014ರ ಏಪ್ರಿಲ್ 8ಕ್ಕೂ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೂ ಮುಗಿದಿದೆ. ಆದ್ದರಿಂದ ಅಂತಹ ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸದೆ ಚೆಕ್ ರೋಲ್, ತೂಕದ ಕೆಲಸಗಳಿಗಷ್ಟೇ ಇಟ್ಟುಕೊಳ್ಳಿ. ಪೆನ್ ಡ್ರೈವುಗಳಿಂದ ವೈರಸ್ ಬರುವುದನ್ನು ಅದರಿಂದ ತಡೆಯಲಾಗದು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಸತ್ತಿರುವುದು ನಮ್ಮ ಕಡೆಯ ಬಹುತೇಕ ಆಫೀಸುಗಳ ಸ್ಥಿತಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಅದು ನಿಲ್ಲುತ್ತದೆಯೇ ನೋಡಿ.

ಪ್ರಶ್ನೆ: ಶನಿವಾರ ಬಟವಾಡೆ ಇದೆ, ಯಂತ್ರ ಶುಕ್ರವಾರ ಸಂಜೆ ನಿಂತಿದೆ. ಏನು ಮಾಡಲಿ?

ಆ ರಾತ್ರಿ ರಿಪೇರಿಗೆ ಕೈ ಹಾಕಬೇಡಿ, ಅವಸರದಲ್ಲಿಯೇ ತಪ್ಪು ಡ್ರೈವಿನ ಮೇಲೆ ಬರೆಯುವುದು. ಕಡತಗಳನ್ನು ಮಾತ್ರ ಹೊರಗೆ ತೆಗೆದಿಟ್ಟು, ಮೇಸ್ತ್ರಿಯ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಈ ವಾರದ ಸಂಬಳವನ್ನು ಕೈಯಿಂದಲೇ ಲೆಕ್ಕ ಹಾಕಿ ಕೊಟ್ಟುಬಿಡಿ. ಯಂತ್ರ ಎದ್ದ ಮೇಲೆ ಆ ಒಂದು ವಾರವನ್ನು ತುಂಬಲು ಅರ್ಧ ದಿನ ಸಾಕು.